ಕತ್ತರಿಸಿ ಉಳಿದ ಅಮ್ಮ

ಅಮ್ಮ ಸತ್ತ ಮೇಲೆ ಅಕ್ಕನಿಗೆ ಅಮ್ಮನ ಮೇಲೆ ಪ್ರೀತಿ ಉಕ್ಕಿ ಹರಿಯಿತು. ಬಳಗದ ವಾಟ್ಸ್ಯಾಪ್ ಗುಂಪಿನಲ್ಲಿ, "ಅಮ್ಮನ ನಗು ಅಂತ ಒಂದು ಸಂಗ್ರಹ ಮಾಡೋಣ. ಯಾರ ಹತ್ರ ಏನಿದೆಯೋ ಕಳಿಸಿ, ಫೋಟೋ, ವಿಡಿಯೋ, ಎಲ್ಲ. ಪುಟ್ಟಿ ಜೋಡಿಸ್ತಾಳೆ" ಎಂದು ಹಾಕಿದಳು. ತಂಗಿಯನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಪುಟ್ಟಿ ಮದುವೆ ವಿಡಿಯೋ ಎಡಿಟ್ ಮಾಡುವ ಸ್ಟುಡಿಯೋದಲ್ಲಿದ್ದಳು. ಬಿಟ್ಟಿ ಕೆಲಸಕ್ಕೆ ಮನೆಯವಳೇ ಇರುವಾಗ ಕೇಳುವುದೇನು?

ಹಾಸಿಗೆ ಹಿಡಿದ ಅಮ್ಮನನ್ನು ಕೊನೆಯವರೆಗೆ ಎತ್ತಿ ಇಳಿಸಿದವಳು ಪುಟ್ಟಿ. ಅಕ್ಕ ಬಸ್ಸಿನಲ್ಲಿ ಎರಡು ಗಂಟೆ ದೂರದ ಊರಿನಲ್ಲಿ ಟೀಚರು, ಫೋನಿನಲ್ಲಿ ಮಾತ್ರ ಮಗಳು. ಆದರೂ ಸಾವಿನ ಮನೆಗೆ ಬಂದವರ ಕಿವಿಯಲ್ಲಿ ಅವಳು ಊದಿದ್ದೇ ಬೇರೆ. "ಬೆನ್ನೆಲ್ಲ ಹುಣ್ಣಾಗಿತ್ತು ಕಣ್ರೀ. ಮಗ್ಗುಲು ತಿರುಗಿಸೋರೇ ಇರ್ಲಿಲ್ಲ." ಅಂದಿನಿಂದ ಸೋದರಮಾವ ಪುಟ್ಟಿಯ ಜೊತೆ ಮಾತು ಬಿಟ್ಟಿದ್ದ.

ಅದೇ ಬಳಗದ ಮುಂದೆ ಅಕ್ಕನ ಮುಖಕ್ಕೆ ಮಸಿ ಬಳಿಯಬೇಕು. ಪುಟ್ಟಿಗೆ ಬೇಕಾಗಿದ್ದು ಅಷ್ಟೇ.

ಸರಕು ಕೈಯಲ್ಲೇ ಇತ್ತು. ರಿಪೇರಿಯಾಗಿ ಬಂದ ಸ್ಟುಡಿಯೋ ಕ್ಯಾಮರಾಗಳನ್ನು ಅವಳು ಮನೆಗೆ ತಂದು ಅಮ್ಮನ ಮಂಚದ ಎದುರು ನಿಲ್ಲಿಸಿ ಪರೀಕ್ಷಿಸುತ್ತಿದ್ದಳು. ಅಲುಗಾಡದ ಮುಖ, ಕಿಟಕಿಯ ಬೆಳಕು, ಇನ್ನೇನು ಬೇಕು? ಅಂಥ ಎಷ್ಟೋ ತುಣುಕುಗಳಲ್ಲಿ ದಿಂಬಿನ ಪಕ್ಕದ ಫೋನಿನಿಂದ ಅಕ್ಕನ ದನಿ ಗಟ್ಟಿಯಾಗಿ ಕೇಳುತ್ತಿತ್ತು. "ಈ ವಾರ ಆಗಲ್ಲಮ್ಮ, ಪರೀಕ್ಷೆ ಇದೆ." "ಇವರ ಕಡೆ ನೆಂಟರು ಬಂದಿದ್ದಾರೆ." "ಸೊಂಟ ಹಿಡ್ಕೊಂಡಿದೆ, ಬಸ್ಸಲ್ಲಿ ಕೂರಕ್ಕಾಗಲ್ಲ."

ಸೊಂಟ ಹಿಡಿದ ಆ ವಾರವೇ ಅಕ್ಕ ದೋಣಿಯಲ್ಲಿ ಕೂತು ಹಲ್ಲು ಕಿರಿದ ಫೋಟೋ ಗುಂಪಿನಲ್ಲಿತ್ತು. ಪುಟ್ಟಿ ಅದನ್ನು ಸೊಂಟದ ಮಾತಿನ ಬೆನ್ನಿಗೇ ಅಂಟಿಸಿದಳು. ಒಂದೊಂದು ನೆಪಕ್ಕೂ ಒಂದೊಂದು ಫೋಟೋ ಹುಡುಕಿದಳು. ನೆಪದ ನಂತರ ಅಮ್ಮನ ತುಟಿ ಅಲುಗುವ ಹೊತ್ತಿಗೆ ಸರಿಯಾಗಿ ಕತ್ತರಿಸಿದಳು. ಅದಕ್ಕೆ "ಅಮ್ಮನ ನಗು" ಎಂದೇ ಹೆಸರು ಕೊಟ್ಟು ಗುಂಪಿಗೆ ಹಾಕಿದಳು.

ಮೊದಲು ಚಿಕ್ಕಮ್ಮ ಬರೆದಳು: "ಸೊಂಟನೋವಿಗೆ ದೋಣಿ ಅಷ್ಟು ಒಳ್ಳೇದಾ? ನಮಗೂ ಹೇಳಬಾರದಿತ್ತೇನೇ." ಮಾವ ಫೋನು ಮಾಡಿದ. "ನಾನು ಶುದ್ಧ ಹೆಡ್ಡ ಕಣಮ್ಮ. ಅವಳ ಮಾತು ಕೇಳ್ಬಿಟ್ಟೆ."

ಪುಟ್ಟಿಗೆ ಎದೆ ತಂಪಾಯಿತು.

ಮರುದಿನ ಅಕ್ಕ ಸ್ಟುಡಿಯೋಗೇ ಬಂದಳು. ಚಪ್ಪಲಿಯನ್ನೂ ಬಿಡದೆ ಎಡಿಟಿಂಗ್ ಕೋಣೆಗೆ ನುಗ್ಗಿದಳು.

"ಬಸ್ಸಲ್ಲಿ ಕೂರಕ್ಕಾಯ್ತಾ?" ಎಂದಳು ಪುಟ್ಟಿ.

"ಮಾತು ಸಾಕು. ನಾನು ಬರಲ್ಲ ಅಂದಾಗೆಲ್ಲ ಅಮ್ಮ ಏನಂದ್ಲು? ಅದ್ಯಾಕೆ ಹಾಕಿಲ್ಲ?"

"ಕೇಳ್ತೀಯಾ?"

ಪುಟ್ಟಿ ಕತ್ತರಿಸಿಟ್ಟಿದ್ದ ಚೂರುಗಳನ್ನು ಓಡಿಸಿದಳು. ಪರದೆಯ ಮೇಲೆ ಅಮ್ಮ ಫೋನಿನತ್ತ ಕತ್ತು ಹೊರಳಿಸಿದಳು. "ಬರಬೇಡ ಬಿಡೇ. ನಿನಗೆ ಸಂಸಾರ ಇದೆ. ಇವಳಿಗೇನು, ಇಲ್ಲೇ ಬಿದ್ದಿರ್ತಾಳೆ." ಹೇಳಿ ನಕ್ಕಳು, ಬಾಯಿತುಂಬ. ಮುಂದಿನ ಚೂರಿನಲ್ಲೂ ಅದೇ ಮಾತು, ಅದೇ ನಗು. ಕ್ಯಾಮರಾದ ಹಿಂದಿದ್ದ ಪುಟ್ಟಿಗೆ ಅಮ್ಮ ಒಂದು ಸಲವೂ ಹಾಗೆ ನಕ್ಕಿರಲಿಲ್ಲ.

ಅಕ್ಕನ ಕಣ್ಣು ತುಂಬಿತು, ದನಿ ಮಾತ್ರ ಗಟ್ಟಿಯಾಯಿತು. "ನೋಡ್ದ್ಯಾ? ಬರಬೇಡ ಅಂದಿದ್ದು ಅವಳೇ. ಇದನ್ನೂ ಹಾಕು. ಎಲ್ಲರೂ ನೋಡ್ಲಿ."

"ಹಾಕಲ್ಲ."

"ಹಾಗಾದ್ರೆ ನನಗೆ ಕೊಡು. ಅಮ್ಮನ ದನಿ ಬೇರೆಲ್ಲೂ ಇಲ್ಲ ಕಣೇ. ಬೇರೆ ಯಾರೂ ಕಳಿಸಿಲ್ಲ."

"ಗೊತ್ತು."

ಪುಟ್ಟಿ ಚೂರುಗಳನ್ನೂ ಅವುಗಳ ಮೂಲವನ್ನೂ ಒಟ್ಟಿಗೆ ಆರಿಸಿ ಅಳಿಸುವ ಗುಂಡಿ ಒತ್ತಿದಳು. ನಿಜವಾಗಿಯೂ ಅಳಿಸಲೇ ಎಂದು ಕಂಪ್ಯೂಟರು ಕೇಳಿತು. ಅಕ್ಕ ಅವಳ ಮಣಿಕಟ್ಟು ಹಿಡಿದಳು. ಹೆಣಭಾರದ ಅಮ್ಮನನ್ನು ಎತ್ತಿ ಪಳಗಿದ ಕೈ ಅದು. ಕೊಡವಿಕೊಂಡು ಇನ್ನೊಮ್ಮೆ ಒತ್ತಿತು.

ಅಕ್ಕ ಸ್ಟೂಲಿನ ಮೇಲೆ ಕುಸಿದಳು. "ಅಮ್ಮನ್ನ ಇನ್ನೊಂದು ಸಲ ಸಾಯಿಸ್ಬಿಟ್ಟೆಯಲ್ಲೇ."

"ಹೂಂ," ಎಂದಳು ಪುಟ್ಟಿ. "ಈ ಸಲವಾದ್ರೂ ನೀನು ಪಕ್ಕದಲ್ಲಿದ್ದೆ."