ಎರಡು ಬಾಯಿಯ ಅಳತೆ

ನಾನು ಒಂದು ಪೆಗ್ ಅಳತೆ. ನೋಡಲು ಉಕ್ಕಿನ ಪುಟ್ಟ ಡಮರುಗದ ಹಾಗಿದ್ದೇನೆ. ನಡು ಸಣ್ಣ, ಎರಡು ಕಡೆಗೂ ಬಾಯಿ. ಸಣ್ಣ ಬಾಯಿಗೆ ಮೂವತ್ತು ಮಿಲಿ ಹಿಡಿಯುತ್ತದೆ, ದೊಡ್ಡ ಬಾಯಿಗೆ ಅರವತ್ತು. ಎರಡು ಬಾಯಿ ಇದ್ದರೂ ನನಗೆ ಮಾತು ಬಾರದು, ರುಚಿಯೂ ತಿಳಿಯದು. ಬಾಟಲಿಯಿಂದ ನನ್ನೊಳಗೆ, ನನ್ನಿಂದ ಗ್ಲಾಸಿಗೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇವರು ಇದರಲ್ಲಿ ಅಂಥದ್ದೇನು ಕಾಣುತ್ತಾರೆ ಎಂಬ ಕುತೂಹಲ ಮಾತ್ರ ನನಗೆ ಹುಟ್ಟಿದಾಗಿನಿಂದ ಇದೆ.

ಹುಟ್ಟಿದ್ದು ಉತ್ತರದ ಯಾವುದೋ ಊರಿನ ಕಾರ್ಖಾನೆಯಲ್ಲಿ. ಮೊದಲು ಎರಡು ಬಟ್ಟಲಾಗಿದ್ದೆ. ಯಾರೋ ಬೆನ್ನಿಗೆ ಬೆನ್ನು ಹಚ್ಚಿ ಬೆಸೆದರು. ಆ ಬೆಸುಗೆಯ ಬಿಸಿ ಬಿಟ್ಟರೆ ಬಾಲ್ಯದ್ದು ಬೇರೇನೂ ನೆನಪಿಲ್ಲ. ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ದಾವಣಗೆರೆಗೆ ಬಂದು, ಒಂದು ಬಾರಿನ ಕೌಂಟರ್ ಮೇಲೆ ಕೆಲಸಕ್ಕೆ ಸೇರಿದೆ. ಬಾರಿನ ಮಾಲೀಕ ಮೊದಲ ದಿನವೇ ನನ್ನ ಸಣ್ಣ ಬಾಯಿಯ ಪಕ್ಕೆಗೆ ಸುತ್ತಿಗೆಯಿಂದ ಹಗುರಾಗಿ ಒಂದು ಏಟು ಕೊಟ್ಟ. ಪಕ್ಕೆ ಒಳಕ್ಕೆ ಕುಸಿಯಿತು. ಆಮೇಲೆ ನಾನು ತುಂಬಿ ತುಳುಕಿದರೂ ಮೂವತ್ತು ಆಗುತ್ತಿರಲಿಲ್ಲ. ಕುಡಿಯುವವರು ಗೆಳೆಯರ ಮುಖ ನೋಡುತ್ತಾರೆ, ಟಿವಿ ನೋಡುತ್ತಾರೆ, ಅಳತೆಯ ಪಕ್ಕೆ ಯಾರು ನೋಡುತ್ತಾರೆ?

ಒಬ್ಬರು ನೋಡುತ್ತಿದ್ದರು. ವಿದ್ಯುತ್ ಇಲಾಖೆಯಲ್ಲಿ ಮೀಟರ್ ಪರೀಕ್ಷೆ ಮಾಡುವ ತಿಪ್ಪೇಸ್ವಾಮಿ. ಜನರ ಮನೆಯ ಮೀಟರು ಜಾಸ್ತಿ ಓಡುತ್ತದೋ ಕಡಿಮೆ ಓಡುತ್ತದೋ ಎಂದು ನೋಡುವುದೇ ಅವರ ಉದ್ಯೋಗ. ಅವರ ಕಣ್ಣು ಬಾಟಲಿಯ ಮೇಲಲ್ಲ, ನನ್ನ ಮೇಲೇ ಇರುತ್ತಿತ್ತು. ಕುಸಿದ ಪಕ್ಕೆ ಕಂಡು ಮೀಸೆಯಲ್ಲೇ ನಗುತ್ತಿದ್ದರು. ರಸ್ತೆ ಅಗಲ ಮಾಡಲು ಬಾರನ್ನು ಒಡೆದಾಗ ಮಾಲೀಕ ಸಾಮಾನುಗಳನ್ನೆಲ್ಲ ಮಾರಿಬಿಟ್ಟ. ಜನ ಕುರ್ಚಿ, ಫ್ಯಾನು ಕೊಂಡರು. ತಿಪ್ಪೇಸ್ವಾಮಿ ನನ್ನೊಬ್ಬನನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋದರು.

ಮನೆಗೆ ಬಂದವರೇ ಇಂಜೆಕ್ಷನ್ ಸಿರಿಂಜಿನಲ್ಲಿ ನೀರು ಎಳೆದು ನನ್ನೊಳಗೆ ಬಿಟ್ಟು ನೋಡಿದರು. ಅನುಮಾನ ನಿಜವಾಯಿತು. ಸ್ಕ್ರೂಡ್ರೈವರಿನ ಗುಂಡನೆಯ ಹಿಡಿಯನ್ನು ಬಾಯೊಳಗೆ ಇಟ್ಟು, ಒತ್ತಿ ಒತ್ತಿ, ಪಕ್ಕೆಯನ್ನು ಸರಿಮಾಡಿದರು. ಮತ್ತೆ ಸಿರಿಂಜು. ಈಗ ಮೂವತ್ತಕ್ಕೆ ಮೂವತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಅಂಜಿನಮ್ಮ, "ಕುಡಿಯೋದ್ರಾಗೂ ಮೀಟರ್ ಟೆಸ್ಟಿಂಗ್ ಬಿಡಲ್ಲೇನ್ರಿ" ಎಂದರು. ಇಬ್ಬರೂ ನಕ್ಕರು. ನನಗಂತೂ ಸುಳ್ಳು ಹೇಳಿ ಹೇಳಿ ಸಾಕಾಗಿತ್ತು, ಹೊಟ್ಟೆ ತುಂಬ ಉಸಿರಾಡಿದ ಹಾಗಾಯಿತು.

ಅಲ್ಲಿಂದ ಶುರುವಾಯಿತು ಶನಿವಾರದ ಸಭೆ. ಸದಸ್ಯರು ಮೂವರು. ತಿಪ್ಪೇಸ್ವಾಮಿ ಒಬ್ಬರು. ಸೈನ್ಯದಿಂದ ನಿವೃತ್ತರಾಗಿ ಮಿಲಿಟರಿ ಕ್ಯಾಂಟೀನಿನಿಂದ ಬಾಟಲಿ ತರುತ್ತಿದ್ದ ಮಾರ್ತಾಂಡಪ್ಪ ಇನ್ನೊಬ್ಬರು. ಪಕ್ಕದ ಮನೆಯ ಲೋಕಪ್ಪ ಮೂರನೆಯವರು, ಹಾರ್ಡ್‌ವೇರ್ ಅಂಗಡಿಯವರು, ತಮ್ಮ ನಾಲಿಗೆಯ ಮೇಲೆ ಭಾರೀ ಅಭಿಮಾನ ಉಳ್ಳವರು. ಇದು ಕುಡಿಯುವ ಕೂಟವಲ್ಲ, ಹೋಲಿಸಿ ನೋಡುವ ಸಭೆ ಎಂದು ತಿಪ್ಪೇಸ್ವಾಮಿ ಗಟ್ಟಿಯಾಗಿ ಹೇಳಿದ್ದರು. ಒಬ್ಬರು ಸುರಿಯಬೇಕು, ಉಳಿದವರು ಟವೆಲಿನಿಂದ ಕಣ್ಣು ಕಟ್ಟಿಕೊಳ್ಳಬೇಕು. ಮೊದಲು ಮೂಸಬೇಕು, ಆಮೇಲೆ ನಾಲಿಗೆಗೆ ತಾಗಿಸಬೇಕು, ಆಮೇಲೆ ನಾಲ್ಕು ಹನಿ ನೀರು. ಎಲ್ಲರೂ ಅಭಿಪ್ರಾಯ ಹೇಳಿ ಮುಗಿಸುವ ತನಕ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಟ್ಟುವ ಹಾಗಿಲ್ಲ. ಈ ಕೊನೆಯ ನಿಯಮಕ್ಕೆ ಮಾರ್ತಾಂಡಪ್ಪನವರ ವಿರೋಧ ಕೊನೆಯವರೆಗೂ ಇತ್ತು.

ನಾನು ಕಿವಿ ನೆಟ್ಟು ಕೇಳುತ್ತಿದ್ದೆ. ಒಂದು ವಿಸ್ಕಿ ಆಲೆಮನೆಯ ಬೆಲ್ಲದ ವಾಸನೆ ಅಂತೆ. ಇನ್ನೊಂದು ತಳ ಹಿಡಿದ ರೊಟ್ಟಿಯಂತೆ. ಸ್ಕಾಟ್ಲೆಂಡಿನಿಂದ ಬಂದ ಒಂದು ಬಾಟಲಿ ಬರೀ ಹೊಗೆ. ವೋಡ್ಕಾದ ವಿಷಯಕ್ಕೆ ಬಂದರೆ ಜಗಳವೇ. ವಾಸನೆ ಇಲ್ಲ, ಬಣ್ಣ ಇಲ್ಲ, ಇದನ್ನು ಏನಂತ ಹೋಲಿಸುವುದು ಎಂದು ಲೋಕಪ್ಪನವರ ವಾದ. ಗೋಧಿಯದಕ್ಕೂ ಆಲೂಗಡ್ಡೆಯದಕ್ಕೂ ಗಂಟಲು ಇಳಿಯುವಾಗ ವ್ಯತ್ಯಾಸ ಗೊತ್ತಾಗುತ್ತದೆ ಎಂದು ತಿಪ್ಪೇಸ್ವಾಮಿಯವರ ವಾದ. ಅದು ಚೆನ್ನಾಗಿ ತಣ್ಣಗಿರಬೇಕೆಂದು ಫ್ರೀಜರಿನಲ್ಲಿ ಅಂಜಿನಮ್ಮನ ಕಾಯಿತುರಿಯ ಡಬ್ಬಿಯ ಪಕ್ಕ ಮಲಗಿಸುತ್ತಿದ್ದರು. ವೋಡ್ಕಾ ಫ್ರೀಜರಿನಲ್ಲಿದ್ದರೂ ಗಡ್ಡೆ ಕಟ್ಟುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಆಗಲೇ.

ಒಮ್ಮೆ ಅಂಜಿನಮ್ಮ ರಜೆಗೆ ಬಂದಿದ್ದ ಮೊಮ್ಮಗಳ ಹೊಟ್ಟೆನೋವಿಗೆ ನನ್ನಲ್ಲೇ ಹರಳೆಣ್ಣೆ ಅಳೆದು, ಸುಮ್ಮನೆ ಒಂದು ನೀರಿನಲ್ಲಿ ತೊಳೆದು ಇಟ್ಟರು. ಆ ಶನಿವಾರ ಲೋಕಪ್ಪ ಕಣ್ಣು ಕಟ್ಟಿಕೊಂಡು ಒಂದು ಗುಟುಕು ಕುಡಿದು ತಲೆದೂಗಿದರು. ಬಾಯೆಲ್ಲ ನಯವಾಗಿ ಹಿಡಿಯುತ್ತದೆ, ಇಂಥದ್ದಕ್ಕೇ ದೊಡ್ಡ ಮಾಲು ಅನ್ನುವುದು ಎಂದು ಅದಕ್ಕೇ ಮೊದಲ ಸ್ಥಾನ ಕೊಟ್ಟರು. ತಿಪ್ಪೇಸ್ವಾಮಿ ನನ್ನನ್ನೆತ್ತಿ ಮೂಸಿದರು, ಅಡುಗೆಮನೆಯ ಕಡೆ ನೋಡಿದರು, ಗೆಳೆಯನ ಮರ್ಯಾದೆ ಏಕೆ ತೆಗೆಯುವುದೆಂದು ಸುಮ್ಮನಾದರು. ಅಂಜಿನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು.

ತಿಪ್ಪೇಸ್ವಾಮಿ ನಿವೃತ್ತರಾಗಿ ಕೆಲವು ವರ್ಷಗಳ ಮೇಲೆ ಅವರ ಕಾಲು ಊದತೊಡಗಿತು. ಲಿವರ್ ಕೆಟ್ಟಿದೆ, ಇನ್ನು ಒಂದು ಹನಿಯೂ ಕೂಡದು ಎಂದರು ಡಾಕ್ಟರು. ಅಂಜಿನಮ್ಮನ ಅಣ್ಣ ಇದರಲ್ಲೇ ಸತ್ತಿದ್ದರು. ಆದರೂ ಅಂಜಿನಮ್ಮ ಅಳಲಿಲ್ಲ, ಬೈಯಲಿಲ್ಲ. ಗಂಡನ ಎದುರು ಕೂತು, ಬಿಡುತ್ತೀರೋ ಇಲ್ಲವೋ ಹೇಳಿ ಎಂದರು. "ಬಿಟ್ಟೆ" ಎಂದರು ತಿಪ್ಪೇಸ್ವಾಮಿ.

ಬಿಟ್ಟದ್ದು ನಿಜ. ಆದರೆ ಸಭೆ ಬಿಡಲು ಮನಸ್ಸಾಗಲಿಲ್ಲ. ತಾನು ಕುಡಿಯದಿದ್ದರೆ ಗೆಳೆಯರು ಸಂಕೋಚಪಟ್ಟು ಬರುವುದನ್ನೇ ನಿಲ್ಲಿಸುತ್ತಾರೆ. ಕಾಯಿಲೆ ಎಂದರೆ ಅಯ್ಯೋ ಪಾಪ ಎನ್ನುತ್ತಾರೆ. ಎರಡೂ ಅವರಿಗೆ ಬೇಡವಾಗಿತ್ತು. ಒಂದು ಮಧ್ಯಾಹ್ನ ಖಾಲಿ ವೋಡ್ಕಾ ಬಾಟಲಿ ತೊಳೆದು, ಕಾಯಿಸಿ ಆರಿಸಿದ ನೀರು ತುಂಬಿದರು. ಅದನ್ನು ಫ್ರೀಜರಿಗೆ ಹಾಕಲಿಲ್ಲ, ನೀರು ಗಡ್ಡೆ ಕಟ್ಟಿ ಗುಟ್ಟು ಬಯಲಾಗುತ್ತದಲ್ಲ. ಕೆಳಗೆ ಫ್ರಿಜ್ಜಿನ ಬಾಗಿಲಿನಲ್ಲಿ ನಿಲ್ಲಿಸಿದರು. ವಿಸ್ಕಿ ಎದೆ ಉರಿಸುತ್ತದೆ, ಇನ್ನು ನನ್ನದು ಇದೊಂದೇ ಎಂದು ಗೆಳೆಯರಿಗೆ ಹೇಳಿದರು. ಅದನ್ನು ನನ್ನಲ್ಲಿ ಸುರಿದಾಗಲೇ ನನಗೆ ತಿಳಿಯಿತು. ನೀರು ವೋಡ್ಕಾಕ್ಕಿಂತ ಒಂದು ಚೂರು ಭಾರ. ರುಚಿ ತಿಳಿಯದ ನನಗೆ ತೂಕವಾದರೂ ತಿಳಿಯಬೇಡವೇ?

ಅಂಜಿನಮ್ಮ ಕಂಡದ್ದು ಬೇರೆ. ಬಾಗಿಲ ಸಂದಿಯಿಂದ ನೋಡಿದರೆ ಗಂಡ ಬಾಟಲಿಯಿಂದ ಅಳೆದು, ಗ್ಲಾಸೆತ್ತಿ, ಕಣ್ಣು ಮುಚ್ಚಿ ಚಪ್ಪರಿಸುತ್ತಿದ್ದಾರೆ. ಎಲ್ಲರೂ ಹೋದ ಮೇಲೆ ಹತ್ತಿರ ಹೋದರೆ ಬಾಯಿ ವಾಸನೆ ಇಲ್ಲ. ವೋಡ್ಕಾಕ್ಕೆ ವಾಸನೆ ಇರುವುದಿಲ್ಲ ಎಂದು ಇದೇ ಸಭೆಯಲ್ಲಿ ಎಷ್ಟು ಸಲ ಕೇಳಿರಲಿಲ್ಲ ಅವರು? ಓಹೋ, ನನಗೆ ಗೊತ್ತಾಗದಿರಲಿ ಅಂತ ಇದಕ್ಕೆ ಬದಲಾಯಿಸಿದ್ದಾರೆ ಎಂದುಕೊಂಡರು.

"ನಾನು ಕುಡಿತಿಲ್ಲ ಕಣೇ" ಎಂದು ತಿಪ್ಪೇಸ್ವಾಮಿ ಒಮ್ಮೆ ಹೇಳಿದರು.

"ಹೌದು, ಕಾಣ್ತೈತಲ್ಲ."

ಅಷ್ಟೇ ಆದದ್ದು. ಬಾಟಲಿ ತಂದು ಕೈಗೆ ಕೊಟ್ಟು, ನೀನೇ ಕುಡಿದು ನೋಡು ಎಂದಿದ್ದರೆ ಒಂದು ನಿಮಿಷದ ಕೆಲಸ. ಅವರು ಕೊಡಲಿಲ್ಲ. ಊರಿನ ಮೀಟರುಗಳನ್ನೆಲ್ಲ ಪರೀಕ್ಷೆ ಮಾಡಿದ ಮನುಷ್ಯನಿಗೆ ತನ್ನ ಮಾತಿಗೆ ಮಾತ್ರ ಪರೀಕ್ಷೆ ಬೇಡವಾಗಿತ್ತು. ಅಂಜಿನಮ್ಮ ಅಂಥ ಬಾಟಲಿಯನ್ನು ಕೈಯಿಂದ ಮುಟ್ಟಿದವರಲ್ಲ, ಅವರಾಗಿ ನೋಡಲಿಲ್ಲ. ಸಂಜೆ ಜಗಲಿಯಲ್ಲಿ ಜೊತೆಗೆ ಕೂತು ಟೀ ಕುಡಿಯುತ್ತಿದ್ದ ಇಬ್ಬರೂ ಬೇರೆ ಬೇರೆ ಕೂತು ಕುಡಿಯತೊಡಗಿದರು. ಊಟಕ್ಕೆ ಬನ್ನಿ, ಮಾತ್ರೆ ತಗೊಳ್ಳಿ, ಇಷ್ಟರಲ್ಲೇ ಮಾತು ಮುಗಿಯುತ್ತಿತ್ತು. ನಾನು ಕಪಾಟಿನಲ್ಲಿ ಕೂತು ಒದ್ದಾಡಿದೆ.

ಒಂದು ಶನಿವಾರ ತಿಪ್ಪೇಸ್ವಾಮಿ ಬಚ್ಚಲಿಗೆ ಹೋದಾಗ ಲೋಕಪ್ಪ ಅವರ ಬಾಟಲಿಯಿಂದ ಒಂದಳತೆ ಸುರಿದುಕೊಂಡರು. ಕುಡಿದರು. ಗ್ಲಾಸನ್ನು ಹಾಗೇ ಹಿಡಿದು ಬಚ್ಚಲ ಬಾಗಿಲ ಕಡೆ ನೋಡಿದರು, ಮಾರ್ತಾಂಡಪ್ಪನವರಿಗೂ ಒಂದು ಗುಟುಕು ಕೊಟ್ಟರು, ಬಾಟಲಿಯನ್ನು ಇದ್ದಲ್ಲೇ ಇಟ್ಟರು. ತಿಪ್ಪೇಸ್ವಾಮಿ ಬಂದಾಗ, ನಿನ್ನ ವೋಡ್ಕಾ ಬಲು ನಯ ಐತಿ ಮಾರಾಯ ಎಂದರು. ಹರಳೆಣ್ಣೆ ಹೊಗಳಿದ ನಾಲಿಗೆ ತಾನೇ ಎಂದು ನಾನು ಒಳಗೊಳಗೇ ನಕ್ಕೆ.

ಬಿಟ್ಟದ್ದು ತಡವಾಗಿತ್ತು. ಆಷಾಢದಲ್ಲಿ ತಿಪ್ಪೇಸ್ವಾಮಿ ಹೋಗಿಬಿಟ್ಟರು. ಅಂಜಿನಮ್ಮ ಅಳಲಿಲ್ಲ. ಮಾತು ಕೊಟ್ಟು ಮೋಸ ಮಾಡಿ ಹೋದರು ಎಂಬ ಸಿಟ್ಟು ಅವರನ್ನು ಅಳಲು ಬಿಡಲಿಲ್ಲ. ಜೊತೆಗಿರಲು ಬಂದ ನಾದಿನಿ, ತಿಪ್ಪೇಸ್ವಾಮಿಯವರ ತಂಗಿ ಹೊನ್ನೂರಮ್ಮ, ಫ್ರಿಜ್ಜಿನ ಬಾಟಲಿಗಳನ್ನೂ ತಂದು ಕಪಾಟಿನಲ್ಲಿ ನನ್ನ ಪಕ್ಕ ಇಟ್ಟರು.

ಮಹಾಲಯ ಅಮಾವಾಸ್ಯೆ ಬಂತು. ಅವರ ಮನೆಗಳಲ್ಲಿ ಅಂದು ಹಿರಿಯರ ಹಬ್ಬ. ಸತ್ತವರ ಪಟದ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಬಾಗಿಲು ಮುಚ್ಚಿ, ಅವರು ಬಂದು ಉಣ್ಣಲೆಂದು ಸ್ವಲ್ಪ ಹೊತ್ತು ಬಿಡುತ್ತಾರೆ. ಬಾಡೂಟ ಸರಿ, ಮಂಡಕ್ಕಿ ಸರಿ. ಕುಡಿಯಲು ಯಾವುದನ್ನು ಇಡುವುದು? ಹಬ್ಬದ ಹಿಂದಿನ ಮಧ್ಯಾಹ್ನ ಹೊನ್ನೂರಮ್ಮ ಕಪಾಟು ತೆಗೆದು ಕೇಳಿದರು. ಕೊನೆಗೆ ಅದೇ ಬೇಕಾಗಿತ್ತಲ್ಲ, ಆ ವಾಸನೆ ಇಲ್ಲದ್ದನ್ನೇ ಇಡು ಎಂದರು ಅಂಜಿನಮ್ಮ. ಅಣ್ಣ ಇಷ್ಟಪಟ್ಟದ್ದು ಯಾವುದೆಂದು ತಿಳಿಯದೆ ಇಡಬಾರದು ಎಂದು ಹೊನ್ನೂರಮ್ಮ ಪಟ್ಟು ಹಿಡಿದರು. ಎಳೆಯ ವಯಸ್ಸಿನಲ್ಲಿ ಹೆಂಡದ ರುಚಿ ನೋಡಿದ್ದ ಗಟ್ಟಿ ಹೆಂಗಸು. ಬಾಟಲಿಗಳನ್ನೆಲ್ಲ ನೆಲದ ಮೇಲೆ ಜೋಡಿಸಿ, ನನ್ನನ್ನೂ ಎರಡು ಸ್ಟೀಲ್ ಲೋಟಗಳನ್ನೂ ಮುಂದಿಟ್ಟುಕೊಂಡು ಕೂತೇಬಿಟ್ಟರು. ಅಂಜಿನಮ್ಮ ಮೂಗು ಮುಚ್ಚಿಕೊಂಡು ಎದುರಿಗೆ ಕೂತರು.

ಆ ಮನೆಯಲ್ಲಿ ನಡೆದ ಸಭೆಗಳಲ್ಲೆಲ್ಲ ಅದೇ ಒಳ್ಳೆಯದು ಎನ್ನುತ್ತೇನೆ. ಸ್ಕಾಟ್ಲೆಂಡಿನದನ್ನು ಮೂಸಿ ಹೊನ್ನೂರಮ್ಮ, ಬಾಣಂತಿ ಕೋಣೆಯ ಹೊಗೆ ಎಂದರು. ಇನ್ನೊಂದು ಹಳೇ ಟ್ರಂಕಿನ ಒಳಗೆ ತಲೆ ಹಾಕಿದ ಹಾಗಿದೆ ಎಂದರು. ಅಂಜಿನಮ್ಮನ ಮೂಗೂ ಮೆಲ್ಲಗೆ ಮುಂದೆ ಬಂತು. ಬೆಲ್ಲದ ವಾಸನೆಯ ವಿಸ್ಕಿಯ ಹತ್ತಿರ ಅವರು ನಿಂತುಬಿಟ್ಟರು. ಮತ್ತೆ ಮೂಸಿದರು. ಕಾಯಿಲೆಗೆ ಮುಂಚೆ ಶನಿವಾರ ರಾತ್ರಿ ಕಳಚಿಟ್ಟ ಅಂಗಿಗೆ ಇದೇ ವಾಸನೆ ಇರುತ್ತಿತ್ತು. "ಅವರದ್ದು ಇದು" ಎಂದರು ಮೆತ್ತಗೆ.

ಹೊನ್ನೂರಮ್ಮ ಕೊನೆಗೆ ಆ ವೋಡ್ಕಾ ಬಾಟಲಿ ತೆಗೆದರು. ಗಂಡನನ್ನು ತನ್ನಿಂದ ದೂರ ಮಾಡಿದ್ದು ಹೇಗಿರುತ್ತದೋ ನೋಡಿಯೇ ಬಿಡುತ್ತೇನೆ ಎಂದು ಅಂಜಿನಮ್ಮನೇ ಲೋಟ ಕೈಗೆ ತೆಗೆದುಕೊಂಡರು. ಕಣ್ಣು ಮುಚ್ಚಿ, ಔಷಧಿ ಕುಡಿಯುವ ಹಾಗೆ ಒಂದೇ ಗುಟುಕಿಗೆ ಕುಡಿದರು. ಉರಿಗಾಗಿ ಕಾದರು. ಉರಿ ಬರಲಿಲ್ಲ.

ಹೊನ್ನೂರಮ್ಮನೂ ಕುಡಿದು ನೋಡಿದರು. ಇಷ್ಟು ದಿನ ಇಟ್ಟು ಸಾರ ಹೋಗಿರಬೇಕು ಎಂದುಕೊಂಡು ಗೆಳೆಯರಿಗೆಂದು ಇದ್ದ ಇನ್ನೊಂದು ವೋಡ್ಕಾ ಬಾಟಲಿ ತೆಗೆದರು. ಅದು ನಾಲಿಗೆಗೆ ತಾಗಿದ್ದೇ ಇಬ್ಬರ ಕಣ್ಣಲ್ಲೂ ನೀರು ಬಂತು. ಮತ್ತೆ ಮೊದಲಿನದು. ಮತ್ತೆ ಎರಡನೆಯದು.

"ನೀರು ಅತ್ತಿಗೆ ಇದು" ಎಂದರು ಹೊನ್ನೂರಮ್ಮ. "ಅಣ್ಣ ನೀರು ಕುಡಿತಿದ್ದ."

ಅಂಜಿನಮ್ಮ ನನ್ನನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಅವರ ಅಂಗೈ ಬಿಸಿಯಾಗಿತ್ತು. "ಒಂದ್ಸಲ ಕೈಗೆ ಕೊಟ್ಟು, ಕುಡಿದು ನೋಡು ಅನ್ನಬಾರದಿತ್ತೇನವ್ವ ಅವರು" ಎಂದರು.

"ನೀನೂ ಒಂದ್ಸಲ ಕೇಳಬಾರದಿತ್ತಾ?"

ಆಗ ಅತ್ತರು ಅಂಜಿನಮ್ಮ. ಆಷಾಢದಿಂದ ತಡೆದಿಟ್ಟದ್ದೆಲ್ಲ ಹೊರಗೆ ಬಂತು. ನನಗೆ ಸಂಕಟವೂ ಆಯಿತು, ಸಮಾಧಾನವೂ ಆಯಿತು.

ಮರುದಿನ ಎಡೆಯ ಹೊತ್ತಿಗೆ ಗೆಳೆಯರಿಬ್ಬರೂ ಬಂದರು. ಅಂಜಿನಮ್ಮ ನಡೆದದ್ದನ್ನು ಹೇಳಿದಾಗ ಲೋಕಪ್ಪ ತಲೆ ತಗ್ಗಿಸಿದರು. "ನಮಗೆ ಗೊತ್ತಿತ್ತು ಅಂಜಿನಕ್ಕ. ಒಂದಿನ ನಾನೇ ಕುಡಿದು ನೋಡಿದ್ದೆ. ಗೊತ್ತಾತು ಅಂದ್ರೆ ಅವನು ನೊಂದ್ಕಂತಾನೆ ಅಂತ ಸುಮ್ಮನಿದ್ವಿ. ನಿಮಗಂತೂ ಗೊತ್ತೇ ಇರ್ತೈತಿ ಅನ್ಕಂಡಿದ್ವಿ." ಲೋಕಪ್ಪನವರ ನಾಲಿಗೆಯ ಬಗ್ಗೆ ನಾನು ಹಗುರಾಗಿ ಯೋಚಿಸಿದ್ದು ತಪ್ಪೆಂದು ಒಪ್ಪಿಕೊಂಡೆ. ಹರಳೆಣ್ಣೆಯ ವಿಷಯದಲ್ಲಿ ಮಾತ್ರ ನನಗೆ ಇನ್ನೂ ಅನುಮಾನವಿದೆ.

ಅಂಜಿನಮ್ಮ ಬೆಲ್ಲದ ವಾಸನೆಯ ಬಾಟಲಿ ತೆಗೆದು, ನನ್ನ ದೊಡ್ಡ ಬಾಯಿಯ ಅಂಚಿನವರೆಗೂ ಸುರಿದರು. ಗ್ಲಾಸಿಗೆ ಬಗ್ಗಿಸಲಿಲ್ಲ. ನನ್ನನ್ನೇ ಪಟದ ಮುಂದೆ ಇಟ್ಟರು.

"ಇವತ್ತು ಕುಡೀರಿ" ಎಂದರು ಪಟಕ್ಕೆ. "ನಾನೇ ಹೇಳ್ತಿದ್ದೀನಿ. ಬಿಟ್ಟಿದ್ದು ಸಾಕು."

ಬಾಗಿಲು ಮುಚ್ಚಿತು. ಒಳಗೆ ದೀಪ, ಎಡೆ, ನಾನು. ಬದುಕಿನಲ್ಲಿ ಮೊದಲ ಸಲ ಸುರಿದದ್ದು ನನ್ನೊಳಗೇ ಉಳಿಯಿತು. ನಾನು ಅವಸರ ಮಾಡಲಿಲ್ಲ. ಮೊದಲು ತಣ್ಣಗಿತ್ತು, ಆಮೇಲೆ ದೀಪದ ಕಾವಿಗೆ ಬೆಚ್ಚಗಾಯಿತು. ಸುಟ್ಟ ಮರ, ಬೆಲ್ಲ, ಕಳಚಿಟ್ಟ ಅಂಗಿ, ಮೂವರು ಮುದುಕರ ಜಗಳ, ಬಾಗಿಲ ಹಿಂದೆ ಸೆರಗು ಒತ್ತಿಕೊಂಡು ನಕ್ಕ ಒಬ್ಬ ಹೆಂಗಸು. ಅವರು ಏನನ್ನು ಕಾಣುತ್ತಿದ್ದರೋ ಅದು ನನಗೂ ಸ್ವಲ್ಪ ಕಂಡಿತು.

ಈಗ ನನಗೆ ವಯಸ್ಸಾಗಿದೆ. ಬೆಸುಗೆ ಸಡಿಲವಾಗಿದೆ, ಹೊಳಪು ಹೋಗಿದೆ. ಪಟದ ಕೆಳಗಿನ ಗೂಡಿನಲ್ಲಿ ಇರುತ್ತೇನೆ. ವರ್ಷಕ್ಕೊಮ್ಮೆ ಮಾತ್ರ ಕೆಲಸ. ಬಾಗಿಲು ತೆಗೆದಾಗ ಅಂಜಿನಮ್ಮ ಬಗ್ಗಿ ನನ್ನ ಅಂಚನ್ನೇ ನೋಡುತ್ತಾರೆ. ಪ್ರತಿ ಸಲವೂ ಒಂದು ಕೂದಲೆಳೆಯಷ್ಟು ಇಳಿದಿರುತ್ತದೆ.

ಗಾಳಿಗೆ ಆರಿರುತ್ತದೆ ಎಂದು ಹೊನ್ನೂರಮ್ಮ ಪ್ರತಿ ವರ್ಷ ಹೇಳುತ್ತಾರೆ. ಅದು ನಿಜವೆಂದು ನನಗೂ ಗೊತ್ತು.

"ಇಲ್ಲ, ಕುಡಿದಾರೆ" ಎನ್ನುತ್ತಾರೆ ಅಂಜಿನಮ್ಮ. "ನಾನು ನಂಬ್ತೀನಿ."