ಒಳಮನೆಯ ಸುಖ

ದೀಪ ಹಚ್ಚುವ ಹೊತ್ತಿಗೆ ಅರಸ ತನ್ನ ಅಕ್ಕನ ಒಳಮನೆಗೆ ಬರುತ್ತಿದ್ದ. ಕಿರೀಟ ತೆಗೆದು ಕಿಟಕಿಯ ಮೇಲಿಟ್ಟು, ಚಪ್ಪಲಿ ಮೂಲೆಗೆ ಬಿಸುಟು, ಉಸ್ಸಪ್ಪಾ ಎಂದು ಕೂತರೆ ಅವನು ರಾಜ್ಯ ಆಳುವವನೆಂದು ಯಾರೂ ನಂಬುತ್ತಿರಲಿಲ್ಲ. ಅಕ್ಕ ಹಣ್ಣು ಸುಲಿದು ಕೊಡುವಳು, ಅವನು ತಿನ್ನುತ್ತ ಸಭೆಯ ಕಿತಾಪತಿಗಳನ್ನೆಲ್ಲ ಹೇಳುವನು. ಯಾರು ಯಾರ ಕಾಲೆಳೆದರು, ಯಾರು ಯಾರ ಕಿವಿ ಕಚ್ಚಿದರು, ಎಲ್ಲ ಆಕೆಗೆ ಗೊತ್ತು. ಏಳುವಾಗ ದಿನವೂ ಅವನದು ಒಂದೇ ಪ್ರಶ್ನೆ, ಸುಖವಾಗಿದ್ದೀಯಾ ಎಂದು. ಅಕ್ಕನದೂ ಒಂದೇ ಉತ್ತರ, ನನಗೇನು ಕಡಿಮೆ ಎಂದು.

ಆ ಅರಮನೆಯ ಪದ್ಧತಿಯೇ ಅಂಥದು. ಅರಸ ಪಟ್ಟವೇರಿದ ದಿನ ಅವನ ಒಡಹುಟ್ಟಿದ ಹೆಣ್ಣುಮಕ್ಕಳು ಒಳಮನೆ ಸೇರಬೇಕು. ಆಮೇಲೆ ಮದುವೆಯಿಲ್ಲ, ಹೊಸ್ತಿಲು ದಾಟುವಂತಿಲ್ಲ. ಅವರಿಗೆ ಗಂಡಂದಿರು ಬಂದರೆ ಸಿಂಹಾಸನದ ಮೇಲೆ ಕಣ್ಣು ಹಾಕುತ್ತಾರಂತೆ. ಭಯ ಗಂಡಸರದು, ಬೀಗ ಹೆಂಗಸರಿಗೆ. ತಮ್ಮ ಪಟ್ಟವೇರಿದಾಗ ಹತ್ತು ವರ್ಷದ ಹುಡುಗ, ಅಕ್ಕ ತುಂಬು ಹರೆಯದವಳು. ಮೊದಲ ಸಂಜೆ ಅವನು ಅಳುಮೋರೆ ಹಾಕಿಕೊಂಡು ಓಡಿಬಂದು, ನನ್ನಿಂದ ನಿನಗೆ ಹೀಗಾಯ್ತಾ ಎಂದು ಕೇಳಿದ್ದ. ಆ ಮುಖ ನೋಡಲಾರದೆ ಆಕೆ ಸುಖವಾಗಿದ್ದೇನೆಂದು ಸುಳ್ಳು ಹೇಳಿದಳು. ಅಂದಿನಿಂದ ಅದನ್ನೇ ಹೇಳುತ್ತ ಬಂದಳು.

ಈಗ ಅರಸನ ಕೂದಲೂ ನರೆತಿತ್ತು. ಮಗನಿಗೆ ಪಟ್ಟ ಕಟ್ಟಲು ದಿನ ಗೊತ್ತಾಗಿತ್ತು. ಹಾಗಾಗಿ ಮಗಳು ಪುಟ್ಟಿ ಒಳಮನೆಗೆ ಹೋಗಬೇಕಿತ್ತು. ಅವಳಿಗೆ ಬಂದರಿನ ಅಧಿಕಾರಿಯ ಮಗನ ಮೇಲೆ ಮನಸ್ಸಿರುವುದು ಅಪ್ಪನಿಗೂ ತಿಳಿದಿತ್ತು. ಅರಸ ಮೆತ್ತಗಾದಾಗೆಲ್ಲ ಮುದಿ ಮಂತ್ರಿ ಬೆಣ್ಣೆ ಹಚ್ಚುವ ದನಿಯಲ್ಲಿ, ನಿಮ್ಮ ಅಕ್ಕನವರನ್ನೇ ನೋಡಿ, ಎಷ್ಟು ಸುಖವಾಗಿದ್ದಾರೆ ಎನ್ನುತ್ತಿದ್ದ. ಅರಸನ ಬಾಯಿ ಅಲ್ಲಿಗೆ ಕಟ್ಟುತ್ತಿತ್ತು.

ಒಂದು ಮಧ್ಯಾಹ್ನ ಪುಟ್ಟಿ ಬಂದು ಅತ್ತೆಯ ತೊಡೆಯ ಮೇಲೆ ತಲೆಯಿಟ್ಟಳು.

"ಅತ್ತೆ, ಇಲ್ಲಿ ಸುಖವಾಗಿರೋದು ಹೇಗೆ ಅಂತ ನನಗೂ ಹೇಳ್ಕೊಡು. ಕಲೀತೀನಿ."

ಅತ್ತೆ ತಮ್ಮನ ಮೇಲಿನ ಪ್ರೀತಿಗೆ ಹೇಳಿದ ಸುಳ್ಳು ಈ ಮಗುವಿನ ಕೊರಳಿಗೆ ಉರುಳಾಗಿತ್ತು. ಹುಡುಗಿಯ ತಲೆ ನೇವರಿಸುತ್ತ ಕೂತಳು.

ಒಳಮನೆಯ ಹಿರಿಯಳೇ ಹೊಸಬಳ ಕೈಹಿಡಿದು ಒಳಗೆ ಕರೆದುಕೊಳ್ಳುವುದು ವಾಡಿಕೆ. ಪಟ್ಟಕ್ಕೆ ಗೊತ್ತಾದ ದಿನ ಬೆಳಿಗ್ಗೆ ಅರಸ, ಮಂತ್ರಿ, ಸಭೆಯ ಹಿರಿಯರು ಬಾಗಿಲ ಮುಂದೆ ನೆರೆದರು. ಪಟ್ಟವೇರಬೇಕಾದ ಅಣ್ಣ ನೆಲ ನೋಡುತ್ತ ನಿಂತಿದ್ದ. ಪುಟ್ಟಿ ಕೈಚಾಚಿದಳು. ಅತ್ತೆ ಕೈಕಟ್ಟಿ ನಿಂತು, ತಾನು ಕರೆದುಕೊಳ್ಳುವುದಿಲ್ಲ ಎಂದಳು.

ಹಿರಿಯರು ಮಾಡಿಟ್ಟದ್ದಕ್ಕೆ ಅರ್ಥವಿದೆ, ಅಳಿಯ ಬಂದರೆ ಹಿಂದೆಯೇ ಕತ್ತಿ ಬರುತ್ತದೆ ಎಂದು ಮಂತ್ರಿ ರಾಗ ಎಳೆದ.

"ಅರಸನಿಗೆ ಒಬ್ಬ ಭಾವ ಇದ್ದಿದ್ರೆ ನಿಮ್ಮ ಮಾತಿಗೆ ಯಾಕೆ ಅಂತ ಕೇಳೋಕೆ ಒಬ್ಬ ಇರ್ತಿದ್ದ. ನಿಮಗಿರೋ ಭಯ ಅದೇ ತಾನೆ?" ಎಂದಳು ಅತ್ತೆ.

ಹಿರಿಯರಲ್ಲಿ ಒಬ್ಬಿಬ್ಬರು ಮೀಸೆಯಡಿ ನಕ್ಕರು. ಮಂತ್ರಿ ಸಾವರಿಸಿಕೊಂಡು, ಅಕ್ಕನವರು ಸುಖವಾಗಿಯೇ ಇದ್ದಾರಲ್ಲ ಎಂದ.

ಆಕೆ ತಮ್ಮನ ಕಡೆ ನೋಡಿದಳು. ಇನ್ನೊಂದು ಮಾತಾಡಿದರೆ ಅವನ ಎದೆ ಒಡೆಯುತ್ತದೆ. ಆಡದಿದ್ದರೆ ಹುಡುಗಿಯ ಬದುಕು ಮುಗಿಯುತ್ತದೆ.

"ಒಂದು ದಿನವೂ ಸುಖವಾಗಿರಲಿಲ್ಲ ತಮ್ಮಾ. ನೀನು ಬರೋ ಹೊತ್ತಿಗೆ ಮುಖ ತೊಳ್ಕೊಂಡು ಕೂರ್ತಿದ್ದೆ, ಅತ್ತಿದ್ದು ಕಾಣದಿರಲಿ ಅಂತ."

ಅರಸ ಬಿಳಿಚಿಕೊಂಡ. "ಯಾಕಕ್ಕಾ ಹೇಳಲಿಲ್ಲ?"

"ಚಿಕ್ಕವನಿದ್ದೆ ಕಣೋ. ಅಷ್ಟು ಭಾರ ನೀನು ಹೊರಲಾರೆ ಅನ್ನಿಸ್ತು. ಈಗ ಹೊರು."

ಅವನು ಮೆಟ್ಟಿಲ ಮೇಲೆಯೇ ಕುಸಿದು, ಎಲ್ಲರೆದುರು ಮಗುವಿನಂತೆ ಅತ್ತ. ಆಮೇಲೆ ಎದ್ದು, ಮಗಳು ಒಳಗೆ ಹೋಗುವುದಿಲ್ಲ, ಇನ್ನು ಯಾರ ಮಗಳೂ ಹೋಗುವುದಿಲ್ಲ, ಬಂದರಿನವರ ಮನೆಗೆ ಹೇಳಿಕಳಿಸಿ ಎಂದು ಆಜ್ಞೆ ಮಾಡಿದ. ಮಂತ್ರಿ ಬಾಯಿ ತೆರೆದನಾದರೂ ಕೇಳುವವರಿರಲಿಲ್ಲ.

"ನೀನೂ ಹೊರಗೆ ಬಾ ಅಕ್ಕ. ಎಲ್ಲಿಗೆ ಹೋಗ್ಬೇಕು ಹೇಳು, ನಾನೇ ಕರ್ಕೊಂಡು ಹೋಗ್ತೀನಿ."

ಅಕ್ಕ ಹೊಸ್ತಿಲಲ್ಲಿ ನಿಂತು ಬೀದಿ ನೋಡಿದಳು. ಎಷ್ಟು ಯೋಚಿಸಿದರೂ ಒಂದು ಜಾಗವಾಗಲಿ, ಒಬ್ಬ ಮನುಷ್ಯನಾಗಲಿ ನೆನಪಿಗೆ ಬರಲಿಲ್ಲ.

"ನನಗೆ ಎಲ್ಲೂ ಗೊತ್ತಿಲ್ವಲ್ಲೋ," ಎಂದಳು.

"ನನಗೆ ಗೊತ್ತು ಅತ್ತೆ, ಬಾ," ಎಂದು ಪುಟ್ಟಿ ಆಕೆಯ ಕೈಹಿಡಿದಳು.