ಜೊಂಡಿನೊಳಗಿನ ಕೆಮ್ಮು

ಜೊಂಡಿನ ನಡುವೆ ಕಪ್ಪೆ ಕೂಗಿದ್ದೇ ತಡ, ದರ್ಜಿಯ ಹೆಂಡತಿಗೆ ಜೀವ ಬಾಯಿಗೆ ಬಂದಂತಾಯಿತು. ಕೂಗಿದ್ದು ಕಪ್ಪೆಯಲ್ಲ, ಗಂಡ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಲ್ಲಿ ಬಚ್ಚಿಟ್ಟಿದ್ದ ಫೋನು ಎಂಬುದು ಅವಳಿಗೆ ಗೊತ್ತಿತ್ತು.

ಪಕ್ಕದಲ್ಲಿ ಕಪ್ಪೆ ಸಾಹೇಬರು ಕಣ್ಣು ಮುಚ್ಚಿ ನಿಂತಿದ್ದರು. ಯೋಜನಾ ಕಚೇರಿಯ ಆ ಅಧಿಕಾರಿಗೆ ಬೀದಿಯವರು ಇಟ್ಟ ಹೆಸರದು. ವರ್ಷಕ್ಕೊಮ್ಮೆ ಮುಸ್ಸಂಜೆಗೆ ಬಂದು ಜೌಗಿನ ಕಪ್ಪೆಯ ಕೂಗಿಗೆ ಕಿವಿಗೊಟ್ಟು ಹೋಗುತ್ತಿದ್ದರು. ಅಪರೂಪದ ಆ ಕಪ್ಪೆ ಇರುವವರೆಗೆ ನಗರಸಭೆಯ ಈ ಜೌಗು ನಕ್ಷೆಯಲ್ಲಿ ಹಸಿರು. ಯಾರೂ ಮಣ್ಣು ತುಂಬುವಂತಿಲ್ಲ. ಕಸ ಬೀಳದಂತೆ ಕಾಯುವುದಕ್ಕೆ ದರ್ಜಿಗೆ ವರ್ಷವರ್ಷ ಹಣವೂ ಬರುತ್ತಿತ್ತು. ಕಪ್ಪೆ ಹೋಯಿತೆಂದರೆ ಜಾಗ ಮೇಲ್ಗಡೆಯ ಗೋದಾಮಿನವರಿಗೆ. ಹಣದ ಆಸೆ ಗಂಡನಿಗಿದ್ದೀತು. ಅವಳ ಹೆದರಿಕೆ ಬೇರೆ: ಮಳೆನೀರನ್ನೆಲ್ಲ ನುಂಗುತ್ತಿದ್ದ ಜೌಗು ಮುಚ್ಚಿದರೆ, ತಗ್ಗಿನಲ್ಲಿದ್ದ ಅವರ ಮನೆಗೇ ನೀರು ನುಗ್ಗೀತು. ಒಳಗೆ ಹಾಸಿಗೆ ಹಿಡಿದ ಅತ್ತೆ ಇದ್ದರು.

"ಚೆನ್ನಾಗಿ ಕೂಗ್ತಿದೆ ಅಲ್ವಾ ಸಾರ್? ಇದರ ಕಾಟಕ್ಕೆ ನಮಗೆ ನಿದ್ದೆನೇ ಇಲ್ಲ" ಎಂದ ದರ್ಜಿ. ನಿದ್ದೆ ಇಲ್ಲದ್ದೇನೋ ನಿಜ.

ಆಗ ಜೊಂಡಿನೊಳಗೆ ಯಾರೋ ಕೆಮ್ಮಿದರು.

ಸಾಹೇಬರು ಕಣ್ಣು ತೆರೆದರು. ದರ್ಜಿ ಒಂದು ಸಲ ತಾನೂ ಕೆಮ್ಮಿ ನೋಡಿದ, ಪಾಪ.

"ಅದು ನನ್ನ ಕೆಮ್ಮು ಕಣಪ್ಪಾ" ಎಂದರು ಸಾಹೇಬರು. "ಈ ಕೂಗನ್ನ ನಮ್ಮ ಕಚೇರಿ ವೆಬ್‌ಸೈಟಿಗೆ ನಾನೇ ರೆಕಾರ್ಡ್ ಮಾಡಿದ್ದು. ಅವತ್ತು ನೆಗಡಿ ಆಗಿತ್ತು."

ದರ್ಜಿ ಹೆಂಡತಿಯ ಮುಖ ನೋಡಿದ.

"ಹೋಗಿ ಆರಿಸ್ರೀ ಅದನ್ನ" ಎಂದಳು ಹೆಂಡತಿ. ಅವನು ಪ್ಯಾಂಟು ಮಡಿಸದೆ ನೀರಿಗಿಳಿದ. ಕೂಗು ನಿಂತಿತು.

"ನಿಜವಾದ್ದು ಕೂಗಿ ಎಷ್ಟು ದಿನ ಆಯ್ತಮ್ಮಾ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. "ಈ ಮಳೆಗಾಲ ಒಂದೂ ಕೂಗಿಲ್ಲ ಸಾರ್" ಎಂದಳು. "ಮೇಲ್ಗಡೆ ಗೋದಾಮಲ್ಲಿ ಹುಳ ಸಾಯಿಸೋ ಔಷಧಿ ಡ್ರಮ್ ತೊಳೀತಾರೆ. ನೊರೆ ಎಲ್ಲಾ ಇಲ್ಲಿಗೇ ಬರುತ್ತೆ. ಕೇಳಿದ್ರೆ ಹೊಡೆಯೋಕೇ ಬರ್ತಾರೆ. ಇಲ್ಲ ಅಂತ ಬರೆದುಬಿಡಬೇಡಿ. ಇನ್ನೊಂದು ಗಳಿಗೆ ಕೇಳಿ, ನಿಮ್ಮ ಕಾಲಿಗೆ ಬೀಳ್ತೀನಿ. ಒಂದಾದ್ರೂ ಉಳಿದಿರಬಹುದು."

ಸಾಹೇಬರು ಪೆನ್ನನ್ನು ಜೇಬಿಗೆ ಸಿಕ್ಕಿಸಿ ಒದ್ದೆ ಬದುವಿನ ಮೇಲೆ ಕೂತರು. ಅವಳೂ ಕೂತಳು.

ಕತ್ತಲಾಗುತ್ತ ಬಂತು. ಗೋದಾಮಿನ ಲಾರಿಗಳ ಸದ್ದೂ ಅಡಗಿತು. ಹೆಜ್ಜೆ ಎತ್ತಿದರೆ ನೀರಿನ ಸದ್ದಾದೀತೆಂದು ದರ್ಜಿ ಜೊಂಡಿನ ನಡುವೆ, ಮೊಣಕಾಲುದ್ದ ನೀರಿನಲ್ಲಿ, ಹಾಗೇ ನಿಂತಿದ್ದ.